ಡಿಸ್‌ಪ್ಲೇ ಪೀಸು, ಪೆಟ್ಟಿಗೆ ಪೀಸು: ಒಂದೇ ಮಾದರಿಯ ಎರಡು ಗಿಟಾರ್ ಬೇರೆ ಬೇರೆ ಕೇಳಿಸುವುದೇಕೆ?

ವಾದ್ಯಗಳ ಅಂಗಡಿಯಲ್ಲಿ ಗೋಡೆಗೆ ನೇತುಹಾಕಿದ ಗಿಟಾರನ್ನು ಇಳಿಸಿ ನುಡಿಸುತ್ತೀರಿ. ಇಷ್ಟವಾಗುತ್ತದೆ, ದುಡ್ಡು ಕೊಡುತ್ತೀರಿ. ಅಂಗಡಿಯ ಹುಡುಗ ಒಳಗೆ ಹೋಗಿ ಟೇಪು ಹಚ್ಚಿದ ರಟ್ಟಿನ ಪೆಟ್ಟಿಗೆಯೊಂದನ್ನು ಹೊತ್ತು ತರುತ್ತಾನೆ. "ಅದು ಡಿಸ್‌ಪ್ಲೇ ಪೀಸು ಸರ್, ಇದು ಫ್ರೆಶ್ ಪೀಸು." ಮಿಕ್ಸಿಗೆ, ಫ್ಯಾನಿಗೆ ಈ ಮಾತು ಒಪ್ಪುತ್ತದೆ. ಗಿಟಾರಿಗೂ ಒಪ್ಪುತ್ತದೆ ಎಂದುಕೊಂಡೇ ಅಕ್ಕನ ಮಗ ಪೆಟ್ಟಿಗೆ ಹೊತ್ತುಕೊಂಡು ಮನೆಗೆ ಬಂದ. ಬಿಚ್ಚಿ, ಶ್ರುತಿ ಮಾಡಿ, ನಾಲ್ಕು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗುಚ್ಛ) ನುಡಿಸಿ ಮುಖ ಸಪ್ಪೆ ಮಾಡಿಕೊಂಡ. "ಮಾಮ, ಇದು ಅದಲ್ಲ. ಅದು ತುಂಬಿಕೊಂಡು ಕೇಳಿಸ್ತಿತ್ತು. ಇದು ತಗಡು."

ಅವನ ಕಿವಿ ಸರಿಯಾಗಿಯೇ ಇತ್ತು. ಎರಡೂ ಬೇರೆ ಬೇರೆಯಾಗಿ ಕೇಳಿಸುತ್ತಿದ್ದವು. ಆದರೆ ಅವನು ಕೊಟ್ಟ ಕಾರಣ, "ಇದಕ್ಕೆ ಯಾವುದೋ ಕಳಪೆ ಮರ ಹಾಕಿದಾರೆ" ಅನ್ನುವುದು, ಹತ್ತರಲ್ಲಿ ಒಂಬತ್ತು ಪಾಲು ತಪ್ಪು. ಒಂದೇ ಮಾದರಿಯ ಎರಡು ಗಿಟಾರುಗಳ ನಡುವೆ ಕೇಳಿಸುವ ವ್ಯತ್ಯಾಸದಲ್ಲಿ ಬಹುಪಾಲು ಅರ್ಧ ಗಂಟೆಯಲ್ಲಿ, ಕೆಲವು ನೂರು ರೂಪಾಯಿಯಲ್ಲಿ ಸರಿಮಾಡಬಹುದಾದದ್ದು. ಅದನ್ನೆಲ್ಲ ಕಳೆದ ಮೇಲೂ ಒಂದಿಷ್ಟು ಉಳಿಯುತ್ತದೆ. ಅದು ನಿಜವಾಗಿಯೂ ಮರದ್ದು, ಯಾವ ರಿಪೇರಿಗೂ ಬಗ್ಗದ್ದು. ಗಿಟಾರ್ ಆರಿಸುವಾಗ ಕೇಳಬೇಕಾದದ್ದು ಆ ಉಳಿಕೆಯನ್ನು. ನಾವು ಮಾತ್ರ ಸಾಮಾನ್ಯವಾಗಿ ಮೊದಲನೆಯದನ್ನೇ ಕೇಳಿ ತೀರ್ಪು ಕೊಟ್ಟುಬಿಡುತ್ತೇವೆ.

ಮಂಗಳವಾರ ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿಕೊಂಡು ಇಬ್ಬರೂ ಹೋದೆವು. ಚೀಲದಲ್ಲಿ ಅರ್ಧ ಮಿಲಿಮೀಟರ್ ಗೆರೆಗಳಿರುವ ಉಕ್ಕಿನ ಸ್ಕೇಲು, ಟ್ಯೂನರ್, ಒಂದೇ ಕಂಪನಿಯ ಎರಡು ಸೆಟ್ ತಂತಿ, ಅಡುಗೆಮನೆಯ ಡಿಜಿಟಲ್ ತಕ್ಕಡಿ. ತಕ್ಕಡಿ ನೋಡಿ ಅಂಗಡಿಯವರು ನಕ್ಕರು.

ಮೊದಲು ತಂತಿ

ಡಿಸ್‌ಪ್ಲೇ ಪೀಸಿನ ತಂತಿ ಬೆರಳಿಗೆ ಒರಟಾಗಿತ್ತು, ಬಣ್ಣ ಕಂದಿತ್ತು. ದಿನಕ್ಕೆ ಹತ್ತು ಜನ ಮುಟ್ಟುವ ತಂತಿ ಅದು. ಗಿಟಾರಿನ ದಪ್ಪ ತಂತಿಗಳೆಂದರೆ ಉಕ್ಕಿನ ತಿರುಳಿನ ಸುತ್ತ ಕಂಚಿನ ತೆಳು ಎಳೆ ಸುತ್ತಿದವು. ಆ ಸುತ್ತುಗಳ ಸಂದಿಗೆ ಬೆವರು, ಧೂಳು, ಚರ್ಮದ ಹುಡಿ ಸೇರಿಕೊಳ್ಳುತ್ತದೆ. ಎಳೆಗಳು ಒಂದಕ್ಕೊಂದು ಉಜ್ಜಿಕೊಂಡು ಕಂಪನ ಬೇಗ ಇಂಗುತ್ತದೆ. ಮೊದಲು ಸಾಯುವುದು ಮೇಲಿನ ಸ್ವರಾಂಶಗಳು, ಅಂದರೆ ಹೊಸ ತಂತಿಯ ಆ ಕಿಣಿಕಿಣಿ. ಅದು ಹೋದಾಗ ಉಳಿಯುವ ಮಂದ, ದುಂಡು ನಾದವನ್ನು ನಮ್ಮ ಕಿವಿ "ತುಂಬಿದ ಸದ್ದು" ಎಂದು ಹೊಗಳುತ್ತದೆ. ಪೆಟ್ಟಿಗೆಯೊಳಗಿನ ಗಿಟಾರಿನ ತಂತಿ ಫ್ಯಾಕ್ಟರಿಯಿಂದ ಬಂದ ಹಾಗೇ ಇತ್ತು, ಯಾರ ಬೆವರೂ ತಾಗಿರಲಿಲ್ಲ. ಹುಡುಗ ತಗಡು ಎಂದದ್ದರಲ್ಲಿ ದೊಡ್ಡ ಪಾಲು ಹೊಸತನದ್ದೇ. ಇದೇ ಕತೆ ತಿರುವುಮುರುವಾಗುವುದೂ ಉಂಟು: ಗೋಡೆಯ ಮೇಲಿನದ್ದು ತೀರಾ ಸತ್ತುಹೋಗಿ, ಪೆಟ್ಟಿಗೆಯದ್ದು ಬೆಳಗಿದಂತೆ ಕೇಳಿಸುವುದು.

ತಂತಿ ಹಳತೋ ಹೊಸತೋ ಎನ್ನುವುದಷ್ಟೇ ಅಲ್ಲ, ಗೇಜು, ಅಂದರೆ ತಂತಿಯ ದಪ್ಪವೂ ಮುಖ್ಯ. ಅತಿ ತೆಳುವಾದ ತಂತಿ ಇಂಚಿನ ಸಾವಿರ ಪಾಲಿನಲ್ಲಿ ಹನ್ನೆರಡು ಪಾಲು ದಪ್ಪವಿರುವ ಲೈಟ್ ಸೆಟ್ ಹಾಕಿದರೆ ಆರು ತಂತಿಗಳ ಒಟ್ಟು ಎಳೆತ ಎಪ್ಪತ್ತು ಕಿಲೋ ದಾಟುತ್ತದೆ. ಒಬ್ಬ ಆಳು ಸದಾ ಜೋತುಬಿದ್ದ ಹಾಗೆ. ಮೀಡಿಯಂ ಸೆಟ್ಟಿಗೆ ಅದು ಇನ್ನೂ ಹತ್ತು ಕಿಲೋದಷ್ಟು ಏರುತ್ತದೆ. ಒಂದಕ್ಕೆ ಲೈಟ್, ಇನ್ನೊಂದಕ್ಕೆ ಮೀಡಿಯಂ ಹಾಕಿ ಹೋಲಿಸುವುದು ಒಬ್ಬನನ್ನು ಬರಿಗಾಲಲ್ಲಿ, ಇನ್ನೊಬ್ಬನನ್ನು ಶೂ ಹಾಕಿಸಿ ಓಡಿಸಿದ ಹಾಗೆ. ಶ್ರುತಿಯ ವಿಷಯವೂ ಹೀಗೇ. ಎರಡನ್ನೂ ಒಂದೇ ಟ್ಯೂನರಿನಲ್ಲಿ, ಎ ಸ್ವರವನ್ನು 440 ಹರ್ಟ್ಸ್‌ಗೆ ಹಿಡಿದು ಶ್ರುತಿ ಮಾಡದೆ ಹೋಲಿಸಬಾರದು. ಕೊಂಚ ಕೆಳಗಿರುವ ಗಿಟಾರ್ ಅಪಶ್ರುತಿ ಎನಿಸುವುದಿಲ್ಲ, ಸುಮ್ಮನೆ ಸೋತಂತೆ ಕೇಳಿಸುತ್ತದೆ.

ಆಕ್ಷನ್ ಮತ್ತು ಆಷಾಢದ ಗಾಳಿ

ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್ಟು. ಹನ್ನೆರಡನೇ ಫ್ರೆಟ್ಟಿನ ಮೇಲೆ ಸ್ಕೇಲು ನಿಲ್ಲಿಸಿ ದಪ್ಪ ಇ ತಂತಿಯ ಎತ್ತರ, ಅಂದರೆ ಆಕ್ಷನ್, ಅಳೆದೆವು. ಗೋಡೆಯದ್ದು 2.4 ಮಿ.ಮೀ. ಹತ್ತಿರ, ಪೆಟ್ಟಿಗೆಯದ್ದು 3.1. ಕಾಗದದ ಮೇಲೆ ಅತ್ತಿತ್ತ ಮುಕ್ಕಾಲು ಮಿಲಿಮೀಟರ್, ಬೆರಳಿಗೆ ಅದು ಹಗಲು ರಾತ್ರಿ. ಎತ್ತರದ ತಂತಿಯನ್ನು ಒತ್ತಲು ಹೆಚ್ಚು ಬಲ ಬೇಕು, ಒತ್ತುವಾಗ ತಂತಿ ಹಿಗ್ಗಿ ಸ್ವರ ಮೇಲಕ್ಕೆ ಸರಿಯುತ್ತದೆ, ಕಾರ್ಡ್‌ನಲ್ಲಿ ಯಾವುದೋ ಹುಳಿ ಸೇರಿದಂತಾಗುತ್ತದೆ. ಕೈ ಬಿಗಿಯಾದರೆ ಬಲಗೈಯೂ ಬಿಗಿಯುತ್ತದೆ. ಆಗ ನಾದ ಚೆನ್ನಾಗಿಲ್ಲ ಅನ್ನುತ್ತೇವೆ. ಚೆನ್ನಾಗಿಲ್ಲದ್ದು ಆಕ್ಷನ್.

ಒಂದೇ ಕಾರ್ಖಾನೆಯಲ್ಲಿ, ಒಂದೇ ಅಳತೆಗೆ ಮಾಡಿದ ಗಿಟಾರುಗಳಲ್ಲಿ ಈ ವ್ಯತ್ಯಾಸ ಎಲ್ಲಿಂದ ಬಂತು? ಕಾರ್ಖಾನೆಯ ಸಡಿಲತೆ ಸ್ವಲ್ಪ ಇದ್ದೀತು. ಆದರೆ ಅದು ಆಗಸ್ಟ್ ತಿಂಗಳು. ಮೃದಂಗದವರನ್ನು ಕೇಳಿ: ಮಳೆಗಾಲದ ಕಛೇರಿಗೂ ಏಪ್ರಿಲ್ ಕಛೇರಿಗೂ ಕೈಯಲ್ಲಿ ಹಿಡಿದ ಕಲ್ಲು ಎಷ್ಟು ದುಡಿಯಬೇಕು ಅಂತ ಹೇಳುತ್ತಾರೆ. ಗಿಟಾರಿನಲ್ಲಿ ಚರ್ಮವಿಲ್ಲ, ಆದರೆ ಮೂರು ಮಿಲಿಮೀಟರಿಗಿಂತ ತೆಳುವಾದ ಮರದ ಹಲಗೆಯಿದೆ. ಮರ ಕಡಿದು ಎಷ್ಟು ವರ್ಷವಾದರೂ ಗಾಳಿಯ ತೇವ ಕುಡಿಯುವುದನ್ನು, ಬಿಡುವುದನ್ನು ನಿಲ್ಲಿಸುವುದಿಲ್ಲ.

ಲೆಕ್ಕ ನೋಡೋಣ. ಗಾಳಿಯ ಆರ್ದ್ರತೆ ಶೇ. 50 ಇದ್ದಲ್ಲಿ ಮರ ತನ್ನ ತೂಕದ ಶೇ. 9ರಷ್ಟು ನೀರು ಇಟ್ಟುಕೊಳ್ಳುತ್ತದೆ. ಆರ್ದ್ರತೆ ಶೇ. 30ಕ್ಕೆ ಇಳಿದರೆ ಶೇ. 6. ಮಾರ್ಚ್ ತಿಂಗಳ ಬೆಂಗಳೂರಿನ ಮಧ್ಯಾಹ್ನ ಹೀಗಿರುತ್ತದೆ. ಗಿಟಾರಿನ ಮೇಲ್ಹಲಗೆಗೆ ಬಳಸುವ ಸಿಟ್ಕಾ ಸ್ಪ್ರೂಸ್ ಮರ ಈ ಶೇ. 3ರ ಇಳಿಕೆಗೆ ಎಳೆಗಳ ಅಡ್ಡಕ್ಕೆ ಸುಮಾರು ಶೇ. 0.4 ಕುಗ್ಗುತ್ತದೆ. ಡ್ರೆಡ್‌ನಾಟ್ ಎಂಬ ದೊಡ್ಡ ಡಬ್ಬದ ಗಿಟಾರಿನ ಹೊಟ್ಟೆಯ ಅಗಲ ಹತ್ತಿರ ಹತ್ತಿರ 400 ಮಿ.ಮೀ. ಅಂದರೆ ಹಲಗೆ ಒಂದೂವರೆ ಮಿಲಿಮೀಟರಿಗೂ ಹೆಚ್ಚು ಕಿರಿದಾಗಲು ಹವಣಿಸುತ್ತದೆ. ಆದರೆ ಅಂಚುಗಳು ಪಕ್ಕೆಗೆ ಅಂಟಿಕೊಂಡಿವೆ, ಕಿರಿದಾಗಲು ಜಾಗವಿಲ್ಲ. ಹಾಗಾಗಿ ಉಬ್ಬು ತಗ್ಗಿ ಹಲಗೆ ಒಳಕ್ಕೆ ಕೂರುತ್ತದೆ, ತಂತಿ ಕೆಳಗಿಳಿದು ಫ್ರೆಟ್ಟಿಗೆ ತಾಗಿ ಝರಝರ ಎನ್ನುತ್ತದೆ. ಇನ್ನೂ ಒಣಗಿದರೆ ಬಿರುಕು. ಮಳೆಗಾಲದಲ್ಲಿ ಇದು ಉಲ್ಟಾ: ಹಲಗೆ ಹಿಗ್ಗಿ ಉಬ್ಬುತ್ತದೆ, ತಂತಿಯ ಬುಡ ಕೂರುವ ಬ್ರಿಜ್ಜನ್ನೂ ತಂತಿಯನ್ನೂ ಮೇಲಕ್ಕೆತ್ತುತ್ತದೆ. ಜುಲೈನಲ್ಲಿ ಆರ್ದ್ರತೆ ಶೇ. 90ರ ಹತ್ತಿರ ಆಡುವ ಮಂಗಳೂರಿನಲ್ಲಂತೂ ಗಿಟಾರ್ ಅಕ್ಷರಶಃ ದಪ್ಪಗಾಗುತ್ತದೆ. ನೀರು ಕುಡಿದ ಹಲಗೆ ತೂಕವೂ ಹೆಚ್ಚು, ಕಂಪನವನ್ನು ನುಂಗುವುದೂ ಹೆಚ್ಚು. ನಾದ ಒದ್ದೆ ಬಟ್ಟೆ ಹೊದ್ದಂತಿರುತ್ತದೆ.

ಗೋಡೆಯ ಮೇಲಿನ ಗಿಟಾರ್ ತಿಂಗಳುಗಟ್ಟಲೆ ಅಂಗಡಿಯ ಎ.ಸಿ. ಗಾಳಿಯಲ್ಲಿ ಇತ್ತು. ಪೆಟ್ಟಿಗೆಯದ್ದು ಗೋಡೌನಿನ ತೇವದಲ್ಲಿ. ಒಂದೇ ಮಾದರಿ ನಿಜ, ಆದರೆ ಆ ಹೊತ್ತಿಗೆ ಅವು ಎರಡು ಬೇರೆ ಊರಿನ ಗಿಟಾರುಗಳು. ಎರಡೂ ಒಂದೇ ಗಾಳಿ ಕುಡಿಯಲಿ ಎಂದು ಹುಡುಗನ ಗಿಟಾರನ್ನು ಅಂಗಡಿಯಲ್ಲೇ, ಡಿಸ್‌ಪ್ಲೇ ಪೀಸಿನ ಪಕ್ಕದ ಮೊಳೆಗೆ, ಒಂದು ವಾರ ನೇತುಹಾಕಿಸಿದೆ. ಕತ್ತಿಗೆ "ಸೋಲ್ಡ್" ಎಂಬ ಚೀಟಿ. ದುಡ್ಡು ಕೊಟ್ಟು ಕೊಂಡ ಗಿಟಾರ್ ವಾಪಸ್ ಗೋಡೆ ಏರಿದ್ದು ಹುಡುಗನಿಗೆ ಸಹಿಸಲಿಲ್ಲ. ವಾರವಿಡೀ ನನ್ನ ಫೋನ್ ಎತ್ತಲಿಲ್ಲ.

ಮುಂದಿನ ಮಂಗಳವಾರ ಕತ್ತಿನ ಬಾಗು ನೋಡಿದೆವು. ದಪ್ಪ ತಂತಿಯನ್ನು ಒಂದನೇ ಮತ್ತು ಹದಿನಾಲ್ಕನೇ ಫ್ರೆಟ್ಟಿನಲ್ಲಿ ಒಟ್ಟಿಗೆ ಒತ್ತಿ ಹಿಡಿದರೆ ತಂತಿಯೇ ನೇರ ಗೆರೆಯಾಗುತ್ತದೆ. ಆರನೇ ಏಳನೇ ಫ್ರೆಟ್ಟಿನ ಹತ್ತಿರ ತಂತಿಯ ಕೆಳಗೆ ಒಂದು ವಿಸಿಟಿಂಗ್ ಕಾರ್ಡ್ ಬಿಗಿಯಾಗಿ ತೂರುವಷ್ಟು ಜಾಗ ಇದ್ದರೆ ಸರಿ. ಇವನದ್ದರಲ್ಲಿ ಎರಡು ಕಾರ್ಡ್ ತೂರುತ್ತಿದ್ದವು. ಬಾಗು ಸರಿಮಾಡಲು ಕತ್ತಿನೊಳಗೆ ಇರುವ ಟ್ರಸ್ ರಾಡ್ ಎಂಬ ಸರಳಿಗೆ ಕಾಲು ಸುತ್ತು. ಮತ್ತೆ ಬ್ರಿಜ್ಜಿನ ಮೇಲೆ ತಂತಿ ಹೊರುವ ಸ್ಯಾಡಲ್ ಎಂಬ ಪಟ್ಟಿಯನ್ನು ಕಿತ್ತು, ಗಾಜಿನ ಮೇಲೆ ಮರಳು ಕಾಗದ ಹರಡಿ, ಬುಡದಿಂದ ಒಂದು ಮಿಲಿಮೀಟರ್ ಉಜ್ಜಿದೆವು. ಸ್ಯಾಡಲ್ ಒಂದು ಮಿಲಿಮೀಟರ್ ಇಳಿದರೆ ಹನ್ನೆರಡನೇ ಫ್ರೆಟ್ಟಿನಲ್ಲಿ ತಂತಿ ಇಳಿಯುವುದು ಅರ್ಧ ಮಿಲಿಮೀಟರ್, ಏಕೆಂದರೆ ಹನ್ನೆರಡನೇ ಫ್ರೆಟ್ಟು ತಂತಿಯ ನಟ್ಟನಡುವೆ ಇರುತ್ತದೆ. ಎರಡಕ್ಕೂ ಹೊಸ ತಂತಿ. ಅಳತೆ ಈಗ ಎರಡರಲ್ಲೂ 2.4.

ನುಡಿಸಿದೆ. ಹುಡುಗ ಒಂದು ನಿಮಿಷ ಸುಮ್ಮನಿದ್ದ. "ಇಷ್ಟೇನಾ?" ಅಂದ. ತಗಡು ಎಲ್ಲೋ ಹೋಗಿತ್ತು.

ಕಿವಿಯ ಮೋಸ

ಇಷ್ಟು ಮಾಡಿದ ಮೇಲೂ ಹೋಲಿಕೆ ಕೆಡಿಸುವುದು ನಾವೇ. ಎರಡು ಸದ್ದುಗಳಲ್ಲಿ ಒಂದು ಕೂದಲೆಳೆಯಷ್ಟು ಜೋರಾಗಿದ್ದರೆ ಅದು ಜೋರು ಎಂದು ಕಿವಿ ಹೇಳುವುದಿಲ್ಲ, ಚೆನ್ನಾಗಿದೆ ಎಂದು ಹೇಳುತ್ತದೆ. ಸದ್ದು ಏರಿದಂತೆ ಮಂದ್ರ ಸ್ವರಗಳು ಕಿವಿಗೆ ಹೆಚ್ಚು ತುಂಬಿಕೊಂಡು ಕೇಳುತ್ತವೆ. 1933ರಲ್ಲೇ ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದ್ದರು. ಇಷ್ಟವಾದ ಗಿಟಾರನ್ನು ನಾವು ಗೊತ್ತಿಲ್ಲದೆ ಸ್ವಲ್ಪ ಜೋರಾಗಿ ಬಾರಿಸುತ್ತೇವೆ, ಅದು ಇನ್ನೂ ಇಷ್ಟವಾಗುತ್ತದೆ.

ನುಡಿಸುವವನಿಗೆ ಕೇಳುವುದು ಎದುರಿಗೆ ಕೂತವನಿಗೆ ಕೇಳುವುದಲ್ಲ ಎನ್ನುವುದು ಇನ್ನೊಂದು. ಗಿಟಾರ್ ಮುಂದಕ್ಕೆ ಹಾಡುತ್ತದೆ, ನಮ್ಮ ಕಿವಿ ಅದರ ಹೆಗಲ ಮೇಲಿದೆ. ಗೋಡೆಗೆ ಮುಖ ಮಾಡಿ ಕೂತರೆ ಗಿಟಾರೇ ಬದಲಾದಂತೆ ಕೇಳಿಸುತ್ತದೆ. ಹಾಗಾಗಿ ಒಂದೇ ಕುರ್ಚಿ, ಒಂದೇ ಮೂಲೆ, ಒಂದೇ ಪಿಕ್. ಒಮ್ಮೆ ನೀವು ನುಡಿಸಿ, ಒಮ್ಮೆ ಬೇರೆಯವರಿಂದ ನುಡಿಸಿ ಎದುರು ಕೂತು ಕೇಳಿ. ಎರಡರ ನಡುವೆ ಕಾಫಿಗೆ ಹೋಗಬೇಡಿ. ನಾದದ ಸೂಕ್ಷ್ಮ ನೆನಪು ಕೆಲವು ಸೆಕೆಂಡುಗಳಲ್ಲಿ ಮಾಸುತ್ತದೆ. ಆಮೇಲೆ ಉಳಿಯುವುದು ನಾದವಲ್ಲ, ನಾದದ ಬಗ್ಗೆ ನಾವೇ ಹೇಳಿಕೊಂಡ ಮಾತು. ಕಳೆದ ವಾರ ಬೇರೆ ಅಂಗಡಿಯಲ್ಲಿ ಕೇಳಿದ ಇದೇ ಮಾದರಿ ಎಷ್ಟು ಚೆನ್ನಾಗಿತ್ತು ಎಂಬ ಹೋಲಿಕೆಗೆ ಬೆಲೆ ಅಷ್ಟೇ.

ಒಂದೇ ದಪ್ಪ ಎಂದರೆ ಒಂದೇ ಹಲಗೆಯಲ್ಲ

ಈಗ ಉಳಿಕೆಗೆ ಬರೋಣ. ತಂತಿಯೊಂದೇ ಗಾಳಿಯನ್ನು ಹೆಚ್ಚು ಅಲುಗಿಸಲಾರದು. ಅದು ಬ್ರಿಜ್ಜಿನ ಮೂಲಕ ಮೇಲ್ಹಲಗೆಯನ್ನು ಅಲುಗಿಸುತ್ತದೆ, ಮೇಲ್ಹಲಗೆ ಗಾಳಿಯನ್ನು. ಗಿಟಾರಿನ ಧ್ವನಿ ಎಂದರೆ ಬಹುತೇಕ ಈ ಮೇಲ್ಹಲಗೆಯ ಧ್ವನಿ. ಅದು ಹಗುರವಾಗಿರಬೇಕು, ಅಷ್ಟೇ ಗಡುಸಾಗಿಯೂ ಇರಬೇಕು. ತೂಕಕ್ಕೆ ಹೋಲಿಸಿದರೆ ಗಡಸುತನ ಬಹಳ ಹೆಚ್ಚಿರುವ ಮರ ಸ್ಪ್ರೂಸ್. ಹಾಗಾಗಿಯೇ ಗಿಟಾರು, ಪಿಟೀಲು, ಪಿಯಾನೊಗಳಿಗೆಲ್ಲ ಅದು ಬೇಕು.

ಆದರೆ ಮರ ಎರಕ ಹೊಯ್ದ ವಸ್ತುವಲ್ಲ. ಒಂದೇ ಜಾತಿಯ ಎರಡು ಮರಗಳು, ಒಂದೇ ಮರದ ಬುಡ ಮತ್ತು ತುದಿ, ಗುಡ್ಡದ ಬಿಸಿಲು ಕಡೆ ಮತ್ತು ನೆರಳು ಕಡೆ, ಎಲ್ಲವೂ ಬೇರೆ. ಸಿಟ್ಕಾ ಸ್ಪ್ರೂಸ್‌ನ ಸಾಂದ್ರತೆ ಘನಮೀಟರಿಗೆ 350 ಕಿಲೋದಿಂದ 450ರ ಆಚೆಗೂ ಹರಡಿಕೊಂಡಿದೆ. ಗಡಸುತನದ ಹರಹು ಇನ್ನೂ ಅಗಲ. ಮರ ಸೀಳಿದ ಕೋನ ತುಸು ತಪ್ಪಿದರೂ ಅಡ್ಡ ಗಡಸುತನ ಬಿದ್ದುಹೋಗುತ್ತದೆ.

ಕಾರ್ಖಾನೆ ಇವನ್ನೆಲ್ಲ ಒಂದೇ ಯಂತ್ರಕ್ಕೆ ಕೊಟ್ಟು, ಉದಾಹರಣೆಗೆ 2.8 ಮಿ.ಮೀ. ದಪ್ಪಕ್ಕೆ ಉಜ್ಜುತ್ತದೆ. ಅಳತೆ ಒಂದೇ, ಹಲಗೆ ಒಂದೇ ಅಲ್ಲ. ಒಂದರ ಗಡಸುತನ ಇನ್ನೊಂದಕ್ಕಿಂತ ಶೇ. 20 ಹೆಚ್ಚಿದ್ದು ತೂಕ ಅಷ್ಟೇ ಇದ್ದರೆ, ಒಳಗಿನ ಪಟ್ಟಿಗಳ ಪಾತ್ರವನ್ನು ಸದ್ಯಕ್ಕೆ ಬಿಟ್ಟು ಲೆಕ್ಕ ಹಾಕಿದರೆ, ಬರೀ ಹಲಗೆಯ ಸ್ವಂತ ಸ್ವರ ಒಂದೂವರೆ ಫ್ರೆಟ್ಟಿನಷ್ಟು ಮೇಲೆ ಕೂರುತ್ತದೆ.

ಒಂಟಿಯಾಗಿ ಕೂತು ಗಿಟಾರ್ ಮಾಡುವ ಕುಶಲಕರ್ಮಿಗಳು ಇದಕ್ಕೇ ಬೇರೆ ದಾರಿ ಹಿಡಿಯುತ್ತಾರೆ. ಹಲಗೆಯನ್ನು ಎರಡು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡುತ್ತಾರೆ, ಬೆರಳ ಗೆಣ್ಣಿನಿಂದ ತಟ್ಟಿ ಕೇಳುತ್ತಾರೆ, ಕೆಲವರು ಭಾರ ಇಟ್ಟು ಎಷ್ಟು ಬಗ್ಗಿತು ಅಂತ ಅಳೆಯುತ್ತಾರೆ. ಗಡುಸಾದದ್ದನ್ನು ಇನ್ನಷ್ಟು ತೆಳು ಮಾಡುತ್ತಾರೆ, ಮೆತ್ತಗಿನದನ್ನು ದಪ್ಪಗೆ ಬಿಡುತ್ತಾರೆ. ಗಡಸುತನ ದಪ್ಪದ ಘನಕ್ಕೆ ತಕ್ಕಂತೆ ಏರುವುದರಿಂದ ಶೇ. 10 ದಪ್ಪ ಹೆಚ್ಚಾದರೆ ಗಡಸುತನ ಶೇ. 33 ಹೆಚ್ಚು. ಕಾಲು ಮಿಲಿಮೀಟರಿನ ಆಟ ಇದು. ಕೊನೆಗೆ ಬರುವುದು ವಿಚಿತ್ರ ಫಲಿತಾಂಶ: ಅಳತೆ ಒಂದೇ ಆದ ಗಿಟಾರುಗಳು ಬೇರೆ ಬೇರೆ ಹಾಡುತ್ತವೆ, ಒಂದೇ ಥರ ಹಾಡಬೇಕೆಂದರೆ ಅಳತೆ ಬೇರೆ ಬೇರೆಯಾಗಬೇಕು. ಒಂದೇ ಮಾದರಿ ಎಂದರೆ ಒಂದೇ ಅಳತೆ ಎನ್ನುವುದಷ್ಟೇ. ಒಂದೇ ನಾದದ ಭರವಸೆಯನ್ನು ಯಾವ ಲೇಬಲ್ಲೂ ಕೊಟ್ಟಿಲ್ಲ.

ಹಲಗೆಯ ಒಳಮೈಗೆ ಅಂಟಿಸುವ ಬ್ರೇಸ್ ಪಟ್ಟಿಗಳಿಗೂ ಇದೇ ಘನದ ನಿಯಮ. ಎತ್ತರದಲ್ಲಿ ಒಂದು ಉಳಿಯೇಟು ಹೆಚ್ಚು ಕಡಿಮೆಯಾದರೆ ಹಲಗೆಯ ಸ್ವಭಾವ ತಿರುಗುತ್ತದೆ. ಅಂದಹಾಗೆ ಪ್ಲೈವುಡ್ ಥರ ಪದರ ಅಂಟಿಸಿದ ಮೇಲ್ಹಲಗೆಯ ಅಗ್ಗದ ಗಿಟಾರುಗಳಲ್ಲಿ ಈ ಏರಿಳಿತ ಕಡಿಮೆ, ಪದರಗಳು ಒಂದರ ಗುಣವನ್ನು ಇನ್ನೊಂದು ಸರಿದೂಗಿಸುತ್ತವೆ. ಅವುಗಳಲ್ಲಿ ಎರಡು ಪೀಸು ಹೋಲಿಸುತ್ತಾ ಕೂರುವುದು ಸಮಯ ವ್ಯರ್ಥ, ಆಕ್ಷನ್ ಚೆನ್ನಾಗಿರುವುದನ್ನು ಎತ್ತಿಕೊಳ್ಳಿ.

ನಮ್ಮ ಬೀಟೆಯ ಮಾತು

ಗಿಟಾರಿನವರ ಹರಟೆಯಲ್ಲಿ ಮೇಲ್ಹಲಗೆಗಿಂತ ಹೆಚ್ಚು ಚರ್ಚೆಯಾಗುವುದು ಬೆನ್ನು ಮತ್ತು ಪಕ್ಕೆಯ ಮರ. ಇದರಲ್ಲಿ ನಮಗೂ ಒಂದು ಪಾಲಿದೆ. ಅಮೆರಿಕದ ಪೆನ್ಸಿಲ್ವೇನಿಯಾದ ನಜರೆತ್ ಎಂಬ ಊರಿನಲ್ಲಿ ಗಿಟಾರ್ ಮಾಡುವ ಮಾರ್ಟಿನ್ ಕಂಪನಿ 1833ರಷ್ಟು ಹಳೆಯದು. ಅವರ ಡಿ-18, ಡಿ-28 ಎಂಬ ಡ್ರೆಡ್‌ನಾಟ್ ಮಾದರಿಗಳನ್ನು ಲೋಕವೆಲ್ಲ ನಕಲು ಮಾಡಿದೆ. ಮೊದಲನೆಯದಕ್ಕೆ ಮಹಾಗನಿ ಬೆನ್ನು, ಎರಡನೆಯದಕ್ಕೆ ರೋಸ್‌ವುಡ್. ಬಹುಕಾಲ ಅದು ಬ್ರೆಜಿಲ್ಲಿನ ರೋಸ್‌ವುಡ್. ಆ ಮರ ಸಿಗುವುದು ಕಷ್ಟವಾದಾಗ 1969ರಲ್ಲಿ ಭಾರತದ ರೋಸ್‌ವುಡ್ಡಿಗೆ ಬದಲಾಯಿಸಿದರು. ಅದೇ ನಮ್ಮ ಬೀಟೆ. ಕೊಡಗಿನಲ್ಲಿ, ಮಲೆನಾಡಿನಲ್ಲಿ, ದಾಂಡೇಲಿಯ ಕಾಡಿನಲ್ಲಿ ಬೆಳೆಯುವ, ಅಜ್ಜನ ಮನೆಯ ಮಂಚಕ್ಕೆ, ಮೈಸೂರಿನ ಕುಸುರಿ ಕೆಲಸಕ್ಕೆ ಬಳಕೆಯಾದ ಅದೇ ಮರ. 2017ರಲ್ಲಿ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಸೈಟೀಸ್ ಒಪ್ಪಂದದ ಪಟ್ಟಿಗೆ ಈ ಇಡೀ ಕುಲ ಸೇರಿದಾಗ ಗಿಟಾರ್ ಕಂಪನಿಗಳು ಕಾಗದಪತ್ರದ ರಾಶಿಯಲ್ಲಿ ಮುಳುಗಿದವು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು.

1969ಕ್ಕಿಂತ ಹಳೆಯ ಡಿ-28ಕ್ಕೆ ಜನ ಕೊಡುವ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಬ್ರೆಜಿಲ್ ಮರದ ನಾದವೇ ಬೇರೆ ಎಂಬುದು ನಂಬಿಕೆ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆಗೇ ಹಾಕಿದರು. ಫೈಲ್ಡ್ ಗಿಟಾರ್ಸ್‌ನ ರೋಜರ್ ಬಕ್‌ನಾಲ್ ಆರು ಗಿಟಾರ್ ಮಾಡಿಕೊಟ್ಟರು. ವಿನ್ಯಾಸ ಒಂದೇ, ಬೆನ್ನು ಮತ್ತು ಪಕ್ಕೆಯ ಮರ ಮಾತ್ರ ಬೇರೆ: ಬ್ರೆಜಿಲ್ ರೋಸ್‌ವುಡ್, ಬೀಟೆ, ಮಹಾಗನಿ, ಮೇಪಲ್, ಸಪೇಲಿ, ವಾಲ್‌ನಟ್. ಮಂದ ಬೆಳಕಿನಲ್ಲಿ, ವೆಲ್ಡರುಗಳ ಕಪ್ಪು ಕನ್ನಡಕ ಹಾಕಿಸಿ, 52 ಗಿಟಾರ್ ವಾದಕರಿಂದ ನುಡಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆರಕ್ಕೂ ಹತ್ತಿರ ಹತ್ತಿರ ಒಂದೇ ಅಂಕ. ಕಣ್ಣಿಗೆ ಕಾಣದಿದ್ದಾಗ ದುಬಾರಿ ಮರ ಅಗ್ಗದ ಮರವನ್ನು ಮೀರಿಸಲಿಲ್ಲ, ಎರಡನ್ನು ಬೇರ್ಪಡಿಸಿ ಗುರುತಿಸುವುದೇ ಕಷ್ಟವಾಯಿತು.

ಸ್ಪೇನಿನ ಆಂತೋನಿಯೊ ದೆ ತೊರ್ರೆಸ್ 1862ರಲ್ಲೇ ರಟ್ಟಿನಿಂದ ಬೆನ್ನು ಪಕ್ಕೆ ಮಾಡಿ, ಒಳ್ಳೆಯ ಸ್ಪ್ರೂಸ್ ಹಲಗೆ ಹೊದಿಸಿ ಗಿಟಾರ್ ಮಾಡಿದ್ದ. ಬೆನ್ನಿಗಿಂತ ಮೇಲ್ಹಲಗೆ ಮುಖ್ಯ ಎಂದು ತೋರಿಸುವುದಕ್ಕೆ. ಟೇಲರ್ ಕಂಪನಿಯ ಬಾಬ್ ಟೇಲರ್ 1995ರಲ್ಲಿ ಸಾಮಾನು ಸಾಗಿಸುವ ಪ್ಯಾಲೆಟ್ಟಿನ ಓಕ್ ಹಲಗೆಗಳಿಂದ ಬೆನ್ನು ಪಕ್ಕೆ ಮಾಡಿದ ಒಂದು ಗಿಟಾರನ್ನು ಪ್ರದರ್ಶನಕ್ಕಿಟ್ಟರು. ಬೆನ್ನಿನ ಮರಕ್ಕೆ ಏನೂ ಪಾತ್ರವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಒಂದೇ ಮಾದರಿಯ ಎರಡು ಪೀಸು ಮುಂದಿಟ್ಟುಕೊಂಡು ಬೆನ್ನು ತಿರುಗಿಸಿ ಎಳೆಗಳ ಚೆಂದ ನೋಡಿ ನಾದ ನಿರ್ಧರಿಸುವವರನ್ನು ಕಂಡಾಗ ಮಾತ್ರ ನನಗೆ ಆ ಕಪ್ಪು ಕನ್ನಡಕ ನೆನಪಾಗುತ್ತದೆ.

ಡಬ್ಬದ ಸ್ವಂತ ಸ್ವರ

ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದು ಸ್ವರ ಬರುತ್ತದಲ್ಲ, ಗಿಟಾರಿನ ಡಬ್ಬಕ್ಕೂ ಅಂಥದ್ದೊಂದಿದೆ. ಒಳಗಿನ ಗಾಳಿ ಮತ್ತು ಹಲಗೆ ಸೇರಿ ಹುಟ್ಟುವ ಈ ಸ್ವರ ಡ್ರೆಡ್‌ನಾಟುಗಳಲ್ಲಿ ಸಾಮಾನ್ಯವಾಗಿ 100 ಹರ್ಟ್ಸ್ ಆಸುಪಾಸು. ಮೇಲ್ಹಲಗೆಯ ಗಡಸುತನ ಬದಲಾದರೆ ಇದೂ ಸರಿಯುತ್ತದೆ. ಹಾಗಾಗಿ ಎರಡು ಪೀಸುಗಳ ಮರದ ವ್ಯತ್ಯಾಸ ಕೈಗೆ ಸಿಗುವ ಜಾಗ ಇದು.

ಕಂಡುಹಿಡಿಯಲು ಯಂತ್ರ ಬೇಕಿಲ್ಲ. ಫೋನಿನ ಆ್ಯಪಿನಿಂದ ಸ್ವರ ಹೊರಡಿಸುತ್ತೇನೆ ಎಂದು ಹೊರಡಬೇಡಿ, ಅದರ ಪುಟ್ಟ ಸ್ಪೀಕರಿಗೆ ಇಷ್ಟು ಮಂದ್ರ ಎಟುಕುವುದಿಲ್ಲ. ಉಳಿದ ಐದು ತಂತಿಗಳನ್ನು ಅಂಗೈಯಿಂದ ಮುಚ್ಚಿ, ಅತಿ ದಪ್ಪದ ಆರನೇ ತಂತಿಯನ್ನು ಒಂದೊಂದೇ ಫ್ರೆಟ್ಟಿನಲ್ಲಿ, ಒಂದೇ ಬಲದಿಂದ ಮೀಟುತ್ತಾ ಹೋಗಿ. ಮೊದಲ ಫ್ರೆಟ್ಟು ಎಫ್, 87 ಹರ್ಟ್ಸ್. ಮೂರನೆಯದು ಜಿ, 98. ನಾಲ್ಕನೆಯದು ಜಿ ಶಾರ್ಪ್, 104. ಐದನೆಯದು ಎ, 110. ಇವುಗಳ ನಡುವೆ ಎಲ್ಲೋ ಒಂದು ಕಡೆ ಸ್ವರ ದಿಢೀರನೆ ಉಬ್ಬುತ್ತದೆ, ಗಿಟಾರಿನ ಬೆನ್ನು ಹೊಟ್ಟೆಗೆ ಗುದ್ದಿದಂತೆ ನಡುಗುತ್ತದೆ, ಆದರೆ ಬೇಗ ಅಡಗುತ್ತದೆ. ಶಕ್ತಿಯೆಲ್ಲ ಒಮ್ಮೆಲೇ ಖರ್ಚಾಗುವುದರಿಂದ ಉಳಿಯುವುದಿಲ್ಲ.

ಡಿಸ್‌ಪ್ಲೇ ಪೀಸಿನಲ್ಲಿ ಆ ಉಬ್ಬು ಸರಿಯಾಗಿ ಮೂರನೇ ಫ್ರೆಟ್ಟಿನಲ್ಲಿ, ಜಿ ಸ್ವರದ ಮೇಲೆ ಕೂತಿತ್ತು. ಹುಡುಗನ ಗಿಟಾರಿನಲ್ಲಿ ನಾಲ್ಕನೆಯದರಲ್ಲಿ, ಜಿ ಶಾರ್ಪ್ ಮೇಲೆ. ಅಂತರ ಆರು ಹರ್ಟ್ಸ್. ಆದರೆ ಗಿಟಾರ್ ಕಲಿಯುವವರು ಮೊದಲು ಹಿಡಿಯುವ ಕಾರ್ಡುಗಳಲ್ಲಿ ಜಿ ಒಂದು. ಅಂಗಡಿಗೆ ಬಂದವರೆಲ್ಲ ಅದನ್ನೇ ಬಾರಿಸುತ್ತಾರೆ. ಬಾರಿಸಿದೊಡನೆ ಗೋಡೆಯ ಮೇಲಿನ ಗಿಟಾರ್ ಗುಡುಗುತ್ತದೆ. "ಏನ್ ಬೇಸು!" ಅನ್ನುತ್ತಾರೆ. ಅಕ್ಕನ ಮಗನೂ ಅಂದಿದ್ದ.

ಗೋಡೆಗೆ ಮುಖ ಮಾಡಿ ಹತ್ತು ಸಲ

ಕೊನೆಗೆ ಪರೀಕ್ಷೆ. ಅವನನ್ನು ಗೋಡೆಗೆ ಮುಖ ಮಾಡಿ ಕೂರಿಸಿದೆ. ನಾಣ್ಯ ಚಿಮ್ಮಿ, ಹೆಡ್ ಬಿದ್ದರೆ ಒಂದು, ಟೇಲ್ ಬಿದ್ದರೆ ಇನ್ನೊಂದು ಎತ್ತಿಕೊಂಡು ಒಂದೇ ತುಣುಕು ನುಡಿಸಿದೆ. ಎತ್ತಿಡುವ ಸದ್ದಿನಿಂದ ಗೊತ್ತಾಗದಿರಲೆಂದು ಪ್ರತಿ ಸಲವೂ ಎರಡನ್ನೂ ಎತ್ತಿ ಇಡುತ್ತಿದ್ದೆ. ಅಂಗಡಿಯವರು ಚೀಟಿಯಲ್ಲಿ ಬರೆದುಕೊಂಡರು. ಹತ್ತಕ್ಕೆ ಒಂಬತ್ತು ಸರಿ. ಬರೀ ಊಹೆಯಿಂದ ಒಂಬತ್ತು ಅಥವಾ ಹತ್ತು ಸರಿಯಾಗುವ ಸಂಭವ ನೂರಕ್ಕೆ ಒಂದು. ಹಾಗಾಗಿ ವ್ಯತ್ಯಾಸ ನಿಜವಾಗಿಯೂ ಇತ್ತು.

ಆಮೇಲೆ ತುಣುಕು ಬದಲಾಯಿಸಿದೆ. ತೆಳುವಾದ ಮೂರು ತಂತಿಗಳಲ್ಲಿ ಮಾತ್ರ ಬೆರಳಾಡಿಸಿದೆ, ಮಂದ್ರದ ಜಿ ಮುಟ್ಟಲೇ ಇಲ್ಲ. ಹತ್ತಕ್ಕೆ ಆರು. ನಾಣ್ಯವನ್ನೇ ಕೇಳಿದ್ದರೂ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಲ ಇಷ್ಟು ಅಥವಾ ಇದಕ್ಕೂ ಹೆಚ್ಚು ಬರುತ್ತದೆ. ಅಂದರೆ ಎರಡು ಗಿಟಾರುಗಳ ನಡುವೆ ಉಳಿದಿದ್ದ ವ್ಯತ್ಯಾಸದಲ್ಲಿ ಅವನ ಕಿವಿ ಹಿಡಿದದ್ದು ಹೆಚ್ಚೂಕಡಿಮೆ ಆ ಒಂದು ಸ್ವರದ ಗುಡುಗನ್ನು.

ತಕ್ಕಡಿಯಲ್ಲಿ ಒಂದು ಇನ್ನೊಂದಕ್ಕಿಂತ ತೊಂಬತ್ತು ಗ್ರಾಂ ಹಗುರವಿತ್ತು. ಅದರಿಂದ ಏನೂ ತಿಳಿಯಲಿಲ್ಲ, ತೂಕ ಕತ್ತಿನದ್ದೋ ಹೊಟ್ಟೆಯದ್ದೋ ಯಾರು ಕಂಡರು. ತಕ್ಕಡಿ ತಂದದ್ದಕ್ಕೆ ನಕ್ಕಿದ್ದ ಅಂಗಡಿಯವರು ಇನ್ನೊಮ್ಮೆ ನಕ್ಕರು.

ಅದಕ್ಕಿಂತ ಉಪಯೋಗಕ್ಕೆ ಬಂದದ್ದು ಕಣ್ಣಿನ ಕೆಲಸ. ಫ್ರೆಟ್ಟುಗಳ ಮೇಲೆ ಉದ್ದನೆಯ ಸ್ಕೇಲು ಮಲಗಿಸಿ ಬ್ರಿಜ್ಜಿನ ಕಡೆಗೆ ಜಾರಿಸಿದೆವು. ತುದಿ ಬ್ರಿಜ್ಜಿನ ತಲೆಯ ಮೇಲೆ ಬಂದು ಕೂತರೆ ಕತ್ತು ಕೂಡಿಸಿದ ಕೋನ ಸರಿ. ಬ್ರಿಜ್ಜಿಗೇ ಡಿಕ್ಕಿ ಹೊಡೆದರೆ ಮುಂದೊಂದು ದಿನ ಕತ್ತು ಬಿಚ್ಚಿ ಕೂಡಿಸುವ ದೊಡ್ಡ ಖರ್ಚು ಕಾದಿದೆ ಎಂದು ಅರ್ಥ. ಎರಡೂ ಪಾಸಾದವು. ಉಜ್ಜಿದ ಮೇಲೂ ಸ್ಯಾಡಲ್ ಬ್ರಿಜ್ಜಿನ ಮೇಲೆ ಮೂರು ಮಿಲಿಮೀಟರ್ ಕಾಣುತ್ತಿತ್ತು, ಮುಂದೆ ಇಳಿಸಲು ಬಂಡವಾಳ ಇದೆ. ಮತ್ತೆ ಗಿಟಾರನ್ನು ಬಾಗಿಲ ಬೆಳಕಿಗೆ ಹಿಡಿದು ಓರೆಯಾಗಿ ನೋಡಿದೆವು. ಮೇಲ್ಹಲಗೆ ಎಂದರೆ ಒಂದೇ ತುಂಡನ್ನು ಪುಸ್ತಕದಂತೆ ತೆರೆದು ಜೋಡಿಸಿದ ಎರಡು ಹೋಳು. ಒಂದು ಹೋಳು ತೆಳು ಬಣ್ಣ, ಇನ್ನೊಂದು ಗಾಢವಾಗಿ ಕಂಡು, ಗಿಟಾರನ್ನು ತಲೆಕೆಳಗು ಮಾಡಿದೊಡನೆ ಬಣ್ಣ ಅದಲುಬದಲಾದರೆ ಮರದ ಎಳೆಗಳು ಹಲಗೆಯ ಉದ್ದಕ್ಕೆ ಸಾಗದೆ ಓರೆಯಾಗಿ ಹೊರಬಿದ್ದಿವೆ ಎಂದು ತಿಳಿಯಬೇಕು. ಎಳೆ ಓರೆಯಾದಷ್ಟೂ ಗಡಸುತನ ಕಡಿಮೆ. ಡಿಸ್‌ಪ್ಲೇ ಪೀಸಿನಲ್ಲಿ ಆ ಬಣ್ಣದಾಟ ಚೆನ್ನಾಗಿಯೇ ಕಾಣುತ್ತಿತ್ತು. ಇವನದ್ದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಒಂದು ಜಿಯಲ್ಲಿ, ಇನ್ನೊಂದು ಜಿ ಶಾರ್ಪ್‌ನಲ್ಲಿ ಉಬ್ಬುತ್ತಿದ್ದುದಕ್ಕೂ ಇದಕ್ಕೂ ಸಂಬಂಧ ಇದ್ದರೂ ಇದ್ದೀತು.

"ಈಗ ಹೇಳು, ಬದಲಾಯಿಸಿಕೊಳ್ಳೋದಾದ್ರೆ ಬದಲಾಯಿಸಿಕೊಡ್ತಾರಂತೆ" ಅಂದೆ. ಹುಡುಗ ಎರಡನ್ನೂ ಅರ್ಧ ಗಂಟೆ ಹಿಡಿದು ಕೂತ. ಅವನು ಹಾಡುವವನು, ಗಿಟಾರ್ ಅವನಿಗೆ ಜೊತೆಗಾರ. ಜಿ ಬಂದಾಗಲೆಲ್ಲ ಗುಡುಗುವ ಗಿಟಾರ್ ತನ್ನ ದನಿಯನ್ನು ಮುಚ್ಚಿಹಾಕುತ್ತದೆ ಎಂದು ಅವನಿಗೇ ಅನಿಸಿತು. ಕತ್ತಿನ ಚೀಟಿ ಕಿತ್ತು, ತನ್ನದನ್ನೇ ಚೀಲಕ್ಕೆ ಹಾಕಿಕೊಂಡ.

ಎರಡು ದಿನ ಬಿಟ್ಟು ಅಂಗಡಿಯವರ ಫೋನ್ ಬಂತು. ತಿಂಗಳುಗಟ್ಟಲೆ ನೇತಾಡುತ್ತಿದ್ದ ಡಿಸ್‌ಪ್ಲೇ ಪೀಸನ್ನು ಯಾರೋ ಒಂದು ಜಿ ಕಾರ್ಡ್ ಬಾರಿಸಿ, ಪೆಟ್ಟಿಗೆಯದ್ದು ಬೇಡ ಇದೇ ಬೇಕು ಎಂದು ಹಟ ಹಿಡಿದು ಒಯ್ದರಂತೆ. ತಂತಿಯ ದುಡ್ಡು ನನ್ನದು ಎಂದು ನೆನಪಿಸಿದೆ. ಅವರು ಮತ್ತೆ ನಕ್ಕರು.